ಜವಳಿ ಅಂಗಡಿಯ ಜೀಪಿನಲ್ಲಿ ಚಿಕ್ಕಮ್ಮನ ದನಿ

ಇವತ್ತು ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಮೈಕು ಕಟ್ಟಿಕೊಂಡ ಆಟೊವೊಂದು ಸೀರೆ ಅಂಗಡಿಯ ಜಾಹೀರಾತು ಹಾಡುತ್ತಾ ಹೋಯಿತು. ನಾನು ಹತ್ತಬೇಕಾದ ಬಸ್ಸು ಹೊರಟರೂ ಅಲ್ಲೇ ನಿಂತಿದ್ದೆ.

ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದ ನನ್ನ ಚಿಕ್ಕಮ್ಮನಿಂದ ನನ್ನ ಬಾಲ್ಯದಲ್ಲಿ ಸರಗೂರಿನ ಜವಳಿ ಅಂಗಡಿಯವರು ಜಾಹೀರಾತಿಗೆಂದು ಒಂದು ಹಾಡು ಹೇಳಿಸಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದರು. "ಬನ್ನಿ, ಎಲ್ಲರೂ ಬನ್ನಿ" ಎಂದು ಅವಳು ಕರೆಯುವ ಆ ಕ್ಯಾಸೆಟ್ಟು ಜೀಪಿನಲ್ಲಿ ಊರೂರು ಸುತ್ತುತ್ತಿತ್ತು. ಚಿಕ್ಕಮ್ಮ ಮೊದಲ ಹೆರಿಗೆಯಲ್ಲೇ ತೀರಿಕೊಂಡಳು. ಜೀಪು ಮಾತ್ರ ಪ್ರತಿ ಸಂತೆಯ ದಿನ ಬರುತ್ತಲೇ ಇತ್ತು.

ಅಜ್ಜಿ ರಾಗಿ ಕೇರುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಮಗಳು ಕರೆದಾಗಲೆಲ್ಲ, "ಬತ್ತೀನಿ ಕಣವ್ವ, ಒಸಿ ತಡಿ" ಎನ್ನುತ್ತಿದ್ದಳು.

"ಸತ್ತೋರು ಕರುದ್ರೆ ಓಗೊಡ್ಬಾರ್ದು, ಸುಮ್ಕಿರವ್ವ" ಎಂದು ಅಮ್ಮ ಗದರುತ್ತಿದ್ದಳು. ಡ್ರೈವರ್ ಮಾತ್ರ ಹಾಡು ಮುಗಿಯುವ ತನಕ ನಮ್ಮ ಮನೆ ಮುಂದೆ ಜೀಪು ನಿಲ್ಲಿಸಿಕೊಂಡಿರುತ್ತಿದ್ದ.

ಒಂದು ಸಂತೆಯ ದಿನ ಅದೇ ರಾಗದಲ್ಲಿ ಬೇರೆ ಹುಡುಗಿಯ ದನಿ ಬಂತು. ಅಜ್ಜಿ ಮೈಕಿನತ್ತ ನೋಡಿ, "ಯಾರವ್ವ ನೀನು?" ಎಂದಳು.

ಡ್ರೈವರ್ ತಲೆ ತಗ್ಗಿಸಿ, "ಅದೇ ಕ್ಯಾಸೆಟ್ ಮ್ಯಾಲೇ ಹೊಸದು ತುಂಬ್ಸವ್ರೆ ಕಣಜ್ಜಿ. ಹಳೇದು ಅಳ್ಸೋಯ್ತು" ಎಂದ.

ಆ ರಾಗವನ್ನು ನಾನು ಈಗಲೂ ಪೂರ್ತಿ ಗುನುಗಬಲ್ಲೆ. ಎಷ್ಟು ಸಲ ಗುನುಗಿದರೂ ಅದರೊಳಗೆ ಕೇಳುವುದು ಆ ಎರಡನೆಯ ಹುಡುಗಿಯ ದನಿ.