ಪಾಠದ ಅಕ್ಷರ ದೊಡ್ಡದಾಗಲೆಂದು ಹಟ ಹಿಡಿದವರು

ಸಿಂಧನೂರು, ಲಿಂಗಸುಗೂರು ಸೀಮೆಯ ವಯಸ್ಕರ ಶಿಕ್ಷಣದ ಚರಿತ್ರೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯುವುದಾದರೆ, ಉದ್ಘಾಟಕರ ಸಾಲಿಗಿಂತ ಮೊದಲು ಬರಬೇಕಾದ ಹೆಸರು ಶಿಕ್ಷಕಿ ಶ್ರೀಮತಿ ಖಾತೂನ್‌ಬೀ ಅವರದು. ಈ ವರ್ಷ, ೧೯೯೮ರಲ್ಲಿ, ನಿವೃತ್ತರಾಗುತ್ತಿರುವ ಅವರನ್ನು ಎಲ್ಲರೂ ಹೊಗಳುತ್ತಿದ್ದಾರೆ. ಅವರಿಗಾದ ಅನ್ಯಾಯವನ್ನು ನುಂಗಿಕೊಂಡು ಬರೀ ಹಾರ ಹಾಕುವುದು ನನ್ನಿಂದಾಗದು.

ಎಂಬತ್ತರ ದಶಕದಲ್ಲಿ ನಾನು ಮಸ್ಕಿಯ ಶಾಲೆಗೆ ಹೊಸದಾಗಿ ಬಂದಾಗ, ಬಾಡಿಗೆ ಮನೆ ಸಿಗುವವರೆಗೂ ನನ್ನನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು, ನನಗಾಗಿ ಬೇರೆ ಒಲೆಯನ್ನೇ ಹೂಡಿಕೊಟ್ಟ ತಾಯಿ ಅವರು. ಮುಂದೆ ಸಿಂಧನೂರಿನ ಸಾಕ್ಷರತಾ ಸಮಿತಿಯೊಂದು ಹೊಸದಾಗಿ ಓದು ಕಲಿತವರಿಗಾಗಿ ತಿಂಗಳ ಹಾಳೆ ಹೊರಡಿಸಿದಾಗ ಇಬ್ಬರೂ ಜೊತೆಯಾಗಿ ದುಡಿದೆವು.

ಆ ಹಾಳೆಯ ಅರ್ಧವನ್ನು ದಪ್ಪಕ್ಷರದ ಶೀರ್ಷಿಕೆಯೂ ಅಧ್ಯಕ್ಷರ ಹೆಸರೂ ನುಂಗುತ್ತಿದ್ದವು. ಕ್ರಿಮಿನಾಶಕ ಹೊಡೆದ ಗದ್ದೆಯ ನೀರು ಕುಡಿಯಬಾರದೆಂಬ ಪಾಠ ಮಾತ್ರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ! ವಳಕಮದಿನ್ನಿಯ ಕೂಲಿಕಾರ್ತಿ ಮುದುಕಮ್ಮ ತರಗತಿಯಲ್ಲಿ ಅದನ್ನು ಹಿಡಿದು ಕೂತು, ಕೊನೆಗೆ ಮಡಚಿಟ್ಟರು.

“ಕಲ್ತಿದ್ದೆಲ್ಲಾ ಮರ್ತೀನ್ರಿ ಟೀಚರ. ನನಗ ವಿದ್ಯಾ ಹತ್ತಂಗಿಲ್ಲ.”

ಖಾತೂನ್‌ಬೀ ಟೀಚರು ಆ ಪಾಠದ ವಾಕ್ಯವನ್ನೇ ಹಲಗೆಯ ಮೇಲೆ ದೊಡ್ಡದಾಗಿ ಬರೆದರು. ಮುದುಕಮ್ಮ ತಡೆಯದೆ ಓದಿದರು. ಮುದ್ರಣದ ತಪ್ಪನ್ನು ಬಡವಿಯೊಬ್ಬಳು ತನ್ನ ಬುದ್ಧಿಯ ತಪ್ಪೆಂದು ತಿಳಿದಳಲ್ಲ ಎಂಬ ಸಂಕಟ ಖಾತೂನ್‌ಬೀ ಅವರನ್ನು ಸುಮ್ಮನಿರಗೊಡಲಿಲ್ಲ. ಮುಂದಿನ ಸಂಚಿಕೆಗೆ ಅವರು ಲಿಂಗಸುಗೂರಿನ ಪ್ರೆಸ್ಸಿನಲ್ಲಿ ನಿಂತು ಪಾಠವನ್ನು ಹದಿನೆಂಟು ಪಾಯಿಂಟಿನ ದೊಡ್ಡ ಅಕ್ಷರದಲ್ಲಿ, ಶೀರ್ಷಿಕೆಯನ್ನು ಅದಕ್ಕಿಂತ ತುಸುವೇ ದೊಡ್ಡದರಲ್ಲಿ ಜೋಡಿಸುವಂತೆ ಮಾಡಿದರು. ಅಧ್ಯಕ್ಷರ ಹೆಸರು ಕೆಳಗಿನ ಮೂಲೆಗೆ ಇಳಿಯಿತು.

ಸಮಿತಿಯವರು ಸಭೆ ಕರೆದರು. ಗಣ್ಯರಿಗೆ ಅಪಮಾನವಾಯಿತೆಂದರು. ಕ್ಷಮೆ ಕೇಳೆಂದರು. ಟೀಚರು ಎದ್ದು ನಿಂತರು.

“ಸಾಹೇಬ್ರ, ನಿಮ್ಮ ಹೆಸರು ಓದಾಕಂತ ಆ ಹೆಣ್ಮಕ್ಕಳು ಅಕ್ಷರ ಕಲ್ತಿಲ್ರೀ.”

ಹದಿನೈದು ದಿನದೊಳಗೆ ಅವರನ್ನು ಗುರುಗುಂಟಾಕ್ಕೆ ವರ್ಗ ಮಾಡಿಸಿ ಎತ್ತಿಹಾಕಿಸಿದರು. ಬಾಯಿ ಬಿಟ್ಟು ಪ್ರತಿಭಟಿಸಿದವರು ಬೆರಳೆಣಿಕೆಯಷ್ಟು ಮಂದಿ. ಹಾಳೆ ಮತ್ತೆ ಹಳೆಯ ರೂಪಕ್ಕೆ ಮರಳಿತು. ಆದರೆ ವಳಕಮದಿನ್ನಿಯ ಹೆಂಗಸರು ಬಸ್ಸಿನಲ್ಲಿ ಬಂದ ಹಾಳೆಗಳ ಕಟ್ಟನ್ನು ಬಿಚ್ಚಲೂ ಇಲ್ಲ. ಬಂದ ಬಸ್ಸಿಗೇ ವಾಪಸು ಹೇರಿದರು. ಅಕ್ಷರ ಹಿಗ್ಗಿಸುವ ಬದಲು ಸಮಿತಿಯು, ಓದುವವರೇ ಇಲ್ಲವೆಂದು ಬರೆದು ಹಾಳೆಯನ್ನೇ ನಿಲ್ಲಿಸಿತು. ಎಂಥ ನಾಚಿಕೆಗೇಡು!

ಆ ಸಮಿತಿಯವರಲ್ಲಿ ಒಬ್ಬರೂ ಇಂದಿನವರೆಗೆ ತಪ್ಪಾಯಿತೆಂದಿಲ್ಲ. ಹಾಗೆನ್ನಿರೆಂದು ಟೀಚರು ಕೇಳಿಯೂ ಇಲ್ಲ. ಗುರುಗುಂಟಾದಲ್ಲಿ ಸಂಜೆಯ ತರಗತಿ ತೆರೆದರು, ಅದು ಈಗಲೂ ನಡೆಯುತ್ತಿದೆ. ಅವರಿಗೆ ಭಗವಂತ ನೂರು ವರ್ಷ ಆಯಸ್ಸು ಕೊಡಲಿ, ಆ ತರಗತಿ ಅವರ ಕೈಯಲ್ಲೇ ಬೆಳೆಯಲಿ. ಅವರ ಸಿಟ್ಟು ಮಾತ್ರ ಎಂದೂ ನಿವೃತ್ತವಾಗದಿರಲಿ.

— ಅಮರಮ್ಮ, ಶಿಕ್ಷಕಿ, ಮಸ್ಕಿ