ಅಸರ್ ಅಂದ ತಪ್ಪಿಗೆ

ಸರ್ಕಾರದ ಸರ್ವೆ ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಕೈಗೆ ಒಂದು ಯಂತ್ರ ಕೊಟ್ಟರು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಮೇಲೊಂದು ಹಿಡಿಕೆ, ಅಂಕಿ ತೋರಿಸಲು ಒಂದು ಪುಟ್ಟ ಗಾಜು. ವಿಕಿರಣ ತಾಗಿದಾಗಲೆಲ್ಲ ಅದು ಟಿಕ್ ಅನ್ನುತ್ತದೆ. ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಚಾಲೂ ಮಾಡಿ ನೋಡಿದೆ, ಟಿಕ್. ಚಹಾದಂಗಡಿಯ ಬೆಂಚಿನ ಮೇಲಿಟ್ಟೆ, ಟಿಕ್. ನನ್ನ ತೊಡೆಯ ಮೇಲೂ ಟಿಕ್. ಕಲ್ಲು, ಮಣ್ಣು, ಆಕಾಶ, ಮನುಷ್ಯರ ಮೈ, ಎಲ್ಲದರಿಂದಲೂ ಅದು ಚೂರುಚೂರು ಬರುತ್ತಲೇ ಇರುತ್ತದಂತೆ. ನನಗಂತೂ ಹುಚ್ಚು ಹಿಡಿಯಿತು. ಒಂದು ವಾರ ಕಂಡಕಂಡದ್ದಕ್ಕೆಲ್ಲ ಯಂತ್ರ ಹಿಡಿದುಕೊಂಡು ಓಡಾಡಿದೆ.

ಅಣುಸ್ಥಾವರವಿಲ್ಲದ ಈ ಕಡೆ ಅಳೆದು ಏನು ಮಾಡುತ್ತೀರಿ ಎಂದು ನಮ್ಮ ವಿಜ್ಞಾನಿ ಸಾಹೇಬರನ್ನು ಕೇಳಿದೆ. ಏನೂ ಆಗದಿದ್ದಾಗ ಎಷ್ಟಿರುತ್ತದೆ ಎಂದು ಬರೆದಿಟ್ಟುಕೊಂಡರೆ ತಾನೇ, ಎಲ್ಲಾದರೂ ಏನಾದರೂ ಆದ ದಿನ ಹೆಚ್ಚಾಗಿದೆಯೋ ಇಲ್ಲವೋ ಹೇಳಲು ಬರುವುದು ಎಂದರು. ಮಗುವಿಗೆ ಜ್ವರವಿಲ್ಲದಾಗಲೂ ತಾಯಿ ಹಣೆ ಮುಟ್ಟಿ ನೋಡುವ ಹಾಗೆ. ಆ ಉತ್ತರ ನನಗೆ ಬಹಳ ಹಿಡಿಸಿತು.

ಕೆಲಸ ಸುಲಭದ್ದೇ. ಮನೆಯ ಒಳಗೆ ಅಂಗೈ ಅಗಲದ ಒಂದು ಕಾರ್ಡು ತೂಗುಹಾಕುವುದು, ಕೋಣೆ ಕೋಣೆಗೂ ಯಂತ್ರ ಹಿಡಿದು ಅಂಕಿ ಬರೆದುಕೊಳ್ಳುವುದು, ಮೂರು ತಿಂಗಳ ಮೇಲೆ ಕಾರ್ಡು ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು. ಸಾಹೇಬರಿಗೆ ಕನ್ನಡ ಬಾರದು. ನನಗೆ ಕನ್ನಡ, ತೆಲುಗು, ದಖನಿ ಮೂರೂ ಬರುತ್ತವೆ, ಮತ್ತು ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಎಡವಟ್ಟಾದದ್ದು ಅಲ್ಲೇ.

ಜಹೀರಾಬಾದಿನ ಹತ್ತಿರದ ಒಂದು ಊರಿನಲ್ಲಿ ಕುರಿ ಸಾಕುವವರ ಮನೆ. ಸುತ್ತಲಿನ ಮನೆಗಳಿಗೆಲ್ಲ ತಾಂಡೂರಿನ ಫರಸಿಕಲ್ಲು ಹಾಸಿದ್ದರೆ, ಇವರ ಹೊಸ ಅಡುಗೆಮನೆಗೆ ಕೆಂಪು ಗ್ರಾನೈಟ್ ಕೂತಿತ್ತು. ನೆಲಕ್ಕೂ ಅದೇ, ಕಟ್ಟೆಗೂ ಅದೇ. ಮನೆಯೊಡತಿಗೆ ಒಬ್ಬಳೇ ಮಗಳು. ನಾರಾಯಣಖೇಡಿಗೆ ಕೊಟ್ಟಿದ್ದ ಆ ಮಗಳು ಚೊಚ್ಚಲ ಹೆರಿಗೆಗೆ ಮುಂದಿನ ವಾರ ತವರಿಗೆ ಬರುವವಳಿದ್ದಳು. ಮನೆಯೊಡತಿ ನನ್ನ ಕೈಹಿಡಿದು ಅಡುಗೆಮನೆಯ ಬಾಗಿಲಿಗೆ ಕರೆದೊಯ್ದು ಮೇಲಿನ ಕೊಂಡಿ ತೋರಿಸಿದರು.

"ತೊಟ್ಟಿಲ ಇಲ್ಲೇ ಕಟ್ಟತೀನಿ ನೋಡ್ರಿ. ನನ್ನ ಕಣ್ಣ ಮುಂದೇ ಇರಬೇಕು ಕೂಸು."

ಟಿಕ್ ಎಂದಿತು ಯಂತ್ರ. ಆಕೆ ತಟ್ಟನೆ ಬಗ್ಗಿ ಬೆರಳಿನ ಗೆಣ್ಣಿನಿಂದ ನೆಲಕ್ಕೆ ಮೂರು ಸಲ ಕುಟ್ಟಿದರು. ನಮ್ಮ ಕಡೆ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವಾಗುತ್ತದೆಂದು ಹಾಗೆ ಕುಟ್ಟುತ್ತಾರೆ.

"ಅವ್ವಾ, ಇದು ಹಲ್ಲಿ ಅಲ್ಲರಿ," ಎಂದು ನಕ್ಕೆ.

"ನುಡೀತದಲ್ಲ ಮತ್ತ," ಎಂದರು ಅವರು.

ಅಡುಗೆಮನೆಯೊಳಗೆ ಕಾಲಿಟ್ಟದ್ದೇ ಟಿಕ್ ಟಿಕ್ ಜೋರಾಯಿತು. ಇಲ್ಲಿ ಯಾಕೆ ಜಾಸ್ತಿ ಎಂದು ಆಕೆ ಕೇಳಿದರು. ಗ್ರಾನೈಟಿನಲ್ಲಿ ಸಹಜವಾಗಿಯೇ ಸ್ವಲ್ಪ ಹೆಚ್ಚಿರುತ್ತದೆ, ಹೆದರುವಂಥದ್ದೇನಲ್ಲ ಎಂದು ಸಾಹೇಬರು ಇಂಗ್ಲಿಷಿನಲ್ಲಿ ವಿವರಿಸಿದರು. ವಿಕಿರಣ ಅಂದರೆ ಆಕೆಗೆ ತಿಳಿಯಲಿಕ್ಕಿಲ್ಲ ಅನಿಸಿತು. ಮೂರು ಭಾಷೆಯ ಜಾಣೆ ನಾನು, ಒಂದು ಮಾತು ಹುಡುಕಿ ಹೇಳಿದೆ.

"ಏನಿಲ್ಲರಿ ಅವ್ವಾ, ಈ ಕಲ್ಲಿನಾಗ ಅಸರ್ ಸ್ವಲ್ಪ ಜಾಸ್ತಿ ಅದ. ಘಾಬರಿ ಆಗಬ್ಯಾಡ್ರಿ."

ಔಷಧಿಯ ಅಸರ್, ಬಿಸಿಲಿನ ಅಸರ್ ಎಂದು ನಾವು ದಿನಾ ಅನ್ನುತ್ತೇವೆ. ಪರಿಣಾಮ ಎಂದಷ್ಟೇ ಅರ್ಥ. ಆದರೆ ಚೆನ್ನಾಗಿದ್ದವಳು ಊಟ ಬಿಟ್ಟು ಗೋಡೆ ನೋಡುತ್ತ ಕೂತರೂ ಅವಳಿಗೆ ಅಸರ್ ಆಗಿದೆ ಎಂದೇ ಅನ್ನುವುದು, ದರ್ಗಾಕ್ಕೆ ಕರೆದೊಯ್ದು ದಾರ ಕಟ್ಟಿಸುವುದು. ದೆವ್ವ ಸೋಕುವ ಆ ಇನ್ನೊಂದು ಅಸರ್ ನನಗೆ ನೆನಪಾಗಲಿಲ್ಲ. ಯಂತ್ರ ನುಡಿಯುತ್ತಲೇ ಇತ್ತು, ಆಕೆ ಈ ಸಲ ನೆಲ ಕುಟ್ಟಲಿಲ್ಲ. ನಾನು ಅಂಕಿ ಬರೆದುಕೊಳ್ಳುವುದರಲ್ಲಿ ಮುಳುಗಿದ್ದೆ.

ಹತ್ತು ದಿನಗಳ ಮೇಲೆ ಅದೇ ಓಣಿಗೆ ಹೋದಾಗ ಆಕೆ ಹೊಸ್ತಿಲ ಮೇಲೆ ಕೂತಿದ್ದರು. ಮಗಳು ಬಂದಳೇನ್ರಿ ಎಂದು ಕೇಳಿದೆ.

"ಎಲ್ಲಿ ಬರತಾಳ ತಂಗಿ. ಅಸರ್ ಇದ್ದ ಮನ್ಯಾಗ ಹಡಿಯಾಕ ಕಳಸಂಗಿಲ್ಲ ಅಂದಾಳ ಬೀಗತಿ. ಸರ್ಕಾರದ ಮಶಿನ್ನೇ ಹೇಳ್ಯಾದ ಅಂದ ಮ್ಯಾಲ ನಾ ಏನ್ ಅನ್ನಲಿ?"

ಆಕೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಒಳಗೆ ಹೋಗಿ ನೀರು ತಂದುಕೊಟ್ಟರು. ಒಬ್ಬಳೇ ಮಗಳ ಮೊದಲ ಬಾಣಂತನ ನನ್ನ ಒಂದು ಮಾತಿಗೆ ಕೈತಪ್ಪುತ್ತಿತ್ತು. ನಾಚಿಕೆಯಿಂದ ಆ ನೀರನ್ನು ಹಾಗೇ ಹೊಸ್ತಿಲ ಮೇಲಿಟ್ಟು ಹೊರಟೆ.

ಸಾಹೇಬರಿಗೆ ಹೇಳಿದರೆ, ಅಪಾಯವಿಲ್ಲವೆಂದು ಒಂದು ಪತ್ರ ಬರೆದುಕೊಡೋಣ ಎಂದರು. ನನಗೆ ಸಿಟ್ಟು ಬಂತು. ಅಸರ್ ಇಲ್ಲವೆಂದು ಇಲಾಖೆಯ ಮೊಹರು ಹಾಕಿಕೊಟ್ಟರೆ ಇದೆ ಅಂತಲೇ ಆಗುತ್ತದೆ ಸರ್ ಎಂದು ಜಗಳವಾಡಿ, ಒಂದು ದಿನದ ಮಟ್ಟಿಗೆ ಯಂತ್ರ ಇಸಿದುಕೊಂಡೆ. ಮರುದಿನ ನಾನೂ ಆ ತಾಯಿಯೂ ನಾರಾಯಣಖೇಡಿನ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಯಂತ್ರ ಆಕೆಯ ಮಡಿಲಲ್ಲಿತ್ತು.

ಬೀಗತಿ ಪಡಸಾಲೆಯಲ್ಲಿ ಬೀಸುಕಲ್ಲಿನ ಮುಂದೆ ಕೂತು ತೊಗರಿ ಒಡೆಯುತ್ತಿದ್ದರು. ತಲೆ ನರೆತ, ಗಟ್ಟಿ ದನಿಯ ಹೆಂಗಸು. ತುಂಬಿದ ಬಸುರಿ ಮಗಳು ಬಾಗಿಲ ಮರೆಗೆ ನಿಂತು ನಮ್ಮ ಮಾತಿಗೆ ಕಿವಿಗೊಟ್ಟಿದ್ದಳು.

"ತಪ್ಪ ನಂದರಿ ಆಯಿ. ಮನಿ ಚಲೋ ಅದ, ಮಾತ ತಪ್ಪ ಆತು," ಎಂದು ಯಂತ್ರ ಚಾಲೂ ಮಾಡಿದೆ. ಎಲ್ಲ ಕಡೆಯೂ ಅಷ್ಟಿಷ್ಟು ಇರುತ್ತದೆಂದು ತೋರಿಸುವುದು ನನ್ನ ಲೆಕ್ಕ. ನೆಲದ ಮೇಲೆ ಟಿಕ್. ಗೋಡೆಗೆ ಟಿಕ್. ನನ್ನ ಅಂಗೈಗೆ ಟಿಕ್. ಹಾಗೇ ಸರಿಸುತ್ತ ಬೀಸುಕಲ್ಲಿನ ಮೇಲೆ ಹಿಡಿದೆ. ಟಿಕ್ ಟಿಕ್ ಟಿಕ್, ಅದೇ ಅಡುಗೆಮನೆಯ ಹಾಗೆ. ನೋಡಿದರೆ ಅದೂ ಕೆಂಪು ಚುಕ್ಕಿಯ ಕಲ್ಲು. ಈಗ ಈ ಮನೆಗೂ ಅಸರ್ ಅಂಟಿಸಿದೆನಲ್ಲ ಅನಿಸಿತು.

ಬೀಗತಿ ಕಲ್ಲಿನ ಮೇಲೆ ಅಂಗೈ ಊರಿದರು.

"ನಮ್ಮತ್ತಿ ತಂದದ್ದು ಇದು. ನನ್ನ ನಾಕೂ ಮಕ್ಕಳು ಇದರ ಬ್ಯಾಳಿ ಉಂಡೇ ಬೆಳದಾವ. ಎಲ್ಲಿ, ಕೊಡು ಇತ್ತ."

ಯಂತ್ರ ಕಸಿದುಕೊಂಡು ತಾವೇ ಎದ್ದರು. ಮರದ ಕಂಬಕ್ಕೆ ಹಿಡಿದರು, ತೊಗರಿಯ ಮೊರಕ್ಕೆ ಹಿಡಿದರು, ಸೊಸೆಯ ಹೊಟ್ಟೆಗೆ ಹಿಡಿದರು, ಮತ್ತೆ ಬೀಸುಕಲ್ಲಿಗೆ ಬಂದರು. ಕಲ್ಲಿಗೆ ಮಾತ್ರ ಜೋರು. ಇನ್ನೊಮ್ಮೆ ಸುತ್ತಿದರು. ಮೊದಲ ವಾರದ ನನ್ನ ಹುಚ್ಚು ನೆನಪಾಯಿತು. ಕೊನೆಗೆ ನನ್ನ ಕಡೆ ತಿರುಗಿದರು.

"ಅಸರ್ ಅಂದ್ರ ಬರತದ, ಹೋಗತದ. ಇದು ಹುಟ್ಟಿದಾಗಿಂದ ಕಲ್ಲಿನಾಗೇ ಅದ. ಇದಕ್ಕ ಕಲ್ಲಿನ ಗುಣ ಅನ್ನಬೇಕವ್ವ. ಕಲತಾಕಿ ಇದ್ದಿ, ಅಷ್ಟು ತಿಳಿಬಾರದ?"

ಮೂರು ಭಾಷೆಯಲ್ಲಿ ತಡಕಾಡಿದರೂ ಆ ಗುಣ ಅನ್ನುವ ಮಾತು ನನಗೆ ಹೊಳೆದಿರಲಿಲ್ಲ. ಬಾಗಿಲಲ್ಲಿದ್ದ ಮಗಳು, ಯಾರೂ ಹೇಳದಿದ್ದರೂ, ಒಳಗೆ ಹೋಗಿ ಸೀರೆ ಮಡಚತೊಡಗಿದಳು.

ಮೂರು ತಿಂಗಳು ತುಂಬಿದ ಮೇಲೆ ಸಾಹೇಬರೊಂದಿಗೆ ಆ ತಾಯಿಯ ಮನೆಗೆ ಕಾರ್ಡು ತರಲು ಹೋದೆ. ಆಕೆ ಅದಕ್ಕೊಂದು ಕರಿದಾರ ಕಟ್ಟಿದ್ದರು. ಅಡುಗೆಮನೆಯ ಬಾಗಿಲ ಕೊಂಡಿಯಲ್ಲಿ ತೊಟ್ಟಿಲು, ಅದರೊಳಗೆ ಮುಷ್ಟಿ ಬಿಗಿಹಿಡಿದು ಮಲಗಿದ ಹೆಣ್ಣುಕೂಸು. ಕೊನೆಯ ಅಂಕಿ ಬರೆದುಕೊಳ್ಳಲು ಯಂತ್ರ ಕಟ್ಟೆಯ ಮೇಲಿಟ್ಟೆ.

"ನನ್ನ ಮೊಮ್ಮಗಳು ಕಲ್ಲಿನಂಗ ಗಟ್ಟಿ ಇರತಾಳ ನೋಡ್ರಿ," ಎಂದರು ಆಕೆ.

ಟಿಕ್.

ಆಕೆ ಗ್ರಾನೈಟಿನ ಮೇಲೆ ಮೂರು ಸಲ ಕುಟ್ಟಿದರು. ಪಕ್ಕದಲ್ಲೇ ನಾನೂ ಕುಟ್ಟಿದೆ. ಬಾಗಿಲಲ್ಲಿ ನಿಂತಿದ್ದ ಸಾಹೇಬರು ಅದೇನು, ಅರ್ಥ ಹೇಳಿ ಎಂದು ಕೇಳಿದರು. ಹೇಳಲು ನನಗೆ ಧೈರ್ಯವಾಗಲಿಲ್ಲ.