ಏಡಿ ಅಕ್ಕ
ಅಕ್ವೇರಿಯಂ ಅಂಗಡಿ ನಡೆಸುವ ಆಕೆಯನ್ನು ಗಿರಾಕಿಗಳೆಲ್ಲ ಏಡಿ ಅಕ್ಕ ಎಂದೇ ಕರೆಯುತ್ತಾರೆ. ಮನೆಯ ಗಾಜಿನ ತೊಟ್ಟಿಯಲ್ಲಿ ಬೆಳೆಸಿದ ಹವಳದ ಸಂದಿಯಲ್ಲಿ ಕಡಲೆಕಾಳಿನಷ್ಟು ಏಡಿ ಕಂಡರೆ ಸಾಕು, ಜನ ಅದನ್ನು ಲೋಟದಲ್ಲಿ ಹಿಡಿದುಕೊಂಡು ಎದ್ದೆನೋ ಬಿದ್ದೆನೋ ಎಂದು ಇವಳ ಬಳಿ ಓಡಿಬರುತ್ತಾರೆ. "ಅಕ್ಕಾ, ಇದು ಹವಳಾನ ತಿಂದು ಹಾಕುತ್ತೆ, ಕೊಂದುಬಿಡ್ಲಾ?" ಎಂದು ಕೇಳಿದರೆ, "ತಿನ್ನೋದನ್ನ ಕಣ್ಣಾರೆ ನೋಡಿದ್ರಾ?" ಎನ್ನುತ್ತಾ ಅಕ್ಕ ಭೂತಗನ್ನಡಿ ಎತ್ತಿಕೊಳ್ಳುತ್ತಾಳೆ. ಆಮೇಲೆ ಮಂತ್ರಿಯೇ ಬಂದು ನಿಂತರೂ ಕಾಯಲೇಬೇಕು. ಏಡಿಯ ಮೈಯೆಲ್ಲ ರೋಮವಿದ್ದರೆ ಹವಳ ಕಿತ್ತು ತಿನ್ನುವ ಜಾತಿ ಇದ್ದೀತೆಂದು ಬೇರೆ ತೊಟ್ಟಿಗೆ ಹಾಕುತ್ತಾಳೆ; ನುಣುಪಾಗಿ ಹೊಳೆಯುತ್ತಿದ್ದರೆ, "ಇದು ಹವಳದ ಕಾವಲಿಗೆ ಇರೋದು, ಹಿಡಿದ ಜಾಗಕ್ಕೇ ಬಿಡಿ" ಎಂದು ಲೋಟ ಹಿಂದಿರುಗಿಸುತ್ತಾಳೆ. ಅದಕ್ಕೂ ಗೊಣಗಿದವರಿಗೆ ಗಲ್ಲಾದ ಪಕ್ಕದಲ್ಲಿರುವ, ಸತ್ತು ಬಿಳಿಚಿದ ಹವಳವನ್ನು ತೋರಿಸುತ್ತಾಳೆ. "ಇದರ ಏಡೀನ ಅಂಗಡಿ ಇಟ್ಟ ಹೊಸದರಲ್ಲಿ ನಾನೇ ಇಕ್ಕಳದಲ್ಲಿ ಎಳೆದು ಬಿಸಾಕ್ದೆ. ಮೇಲೆ ಕೂರೋ ಕಸಾನ ದಿನಾ ತೆಗೀತಿದ್ದದ್ದು ಅದೇ ಅಂತ ಆಮೇಲೆ ಗೊತ್ತಾಯ್ತು. ತಿಂಗಳಲ್ಲಿ ಹವಳ ಸತ್ತೋಯ್ತು." ಶೋಕೇಸಿಗೆ ಚೆನ್ನಾಗಿರುತ್ತದೆ, ಕೊಡಿ ಎಂದು ಕೇಳಿದವರಿಗೂ ಆಕೆ ಅದನ್ನು ಕೊಡುವುದಿಲ್ಲ. "ಮಾರೋಕಲ್ಲ ಇದು, ನನಗೆ ಮರೆತುಹೋಗಬಾರದು ಅಂತ ಇಟ್ಕೊಂಡಿರೋದು."